ಒಂಬತ್ತನೇ ನಂಬರಿನ ಹುಡುಗಿ

"ಎರಡೇ ಪಾಯಿಂಟು ಮಾರಾಯ್ರೇ. ಎರಡೇ ಎರಡು ಪಾಯಿಂಟಿನಲ್ಲಿ ಸೋತರು."

ಫೋನಿನಲ್ಲಿ ವಸಂತಿಯ ದನಿ ಕೇಳಿದ್ದೇ ಶ್ಯಾಮಸುಂದರ ಕುರ್ಚಿ ಎಳೆದುಕೊಂಡು ಕೂತ.

"ಮತ್ತೆ ಸೋತರಾ! ಕೊನೆಯಲ್ಲಿ ಏನಾಯ್ತು?"

"ಆಗುವುದೆಂತ? ಆ ಒಂಬತ್ತನೇ ನಂಬರಿನ ಹುಡುಗಿಯನ್ನು ಕೋಚ್ ಪುನಃ ಹೊರಗೆ ಕೂರಿಸಿದ್ರು. ಎರಡು ನಿಮಿಷ ಬಾಕಿ ಇತ್ತು."

"ಆ ಮನುಷ್ಯನಿಗೆ ಕಣ್ಣಿಲ್ವೇನ್ರೀ? ತಂಡದಲ್ಲಿ ಆಟ ಬರೋಳು ಅವಳೊಬ್ಬಳು!"

"ಬೈಯಿರಿ, ಬೈಯಿರಿ. ನನ್ನ ಚಾ ಇನ್ನೂ ಮುಗಿಯಲಿಲ್ಲ."

ಅವನು ಬೈದ. ಕೋಚನ್ನು ಬೈದ, ಕುಲಪತಿಯನ್ನು ಬೈದ, ಆಟದ ಅಂಗಳದ ಸಿಮೆಂಟು ಕಿತ್ತುಹೋದರೂ ತಿರುಗಿ ನೋಡದವರನ್ನು ಬೈದ. ಅರ್ಧ ಗಂಟೆ ಕಳೆದದ್ದು ತಿಳಿಯಲಿಲ್ಲ. ವಾರದ ಏಳು ದಿನಗಳಲ್ಲಿ ಅವನು ಬದುಕಿರುತ್ತಿದ್ದದ್ದು ಆ ಅರ್ಧ ಗಂಟೆ ಮಾತ್ರ.

ಮಸ್ಕತ್ತಿನಿಂದ ದೂರದ ಸೂರ್ ಪಟ್ಟಣದ ಗ್ಯಾಸ್ ಪ್ಲಾಂಟಿನಲ್ಲಿ ಅವನು ಶಿಫ್ಟ್ ಇಂಜಿನಿಯರ್. ವಯಸ್ಸು ನಲವತ್ತಾರು. ಹೆಂಡತಿ ಕಾಂತಾಮಣಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಬೆಳಗ್ಗೆ ನಂಜುಂಡೇಶ್ವರನ ಪಟಕ್ಕೂ ಆಕೆಯ ಪಟಕ್ಕೂ ಊದುಬತ್ತಿ ಬೆಳಗಿ ಹೊರಟರೆ, ಸಂಜೆಯವರೆಗೆ ಆಡುವ ಮಾತೆಲ್ಲ ವಾಲ್ವು, ಪ್ರೆಷರು, ಪರ್ಮಿಟ್ಟು. ಮನೆಯ ಬಾಗಿಲು ತೆಗೆದ ಮೇಲೆ ಅದೂ ಇಲ್ಲ. ಸತ್ತವರ ಮನೆಯ ಮೌನವನ್ನು ಅನುಭವಿಸಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ವಸಂತಿ ಮಸ್ಕತ್ತಿನ ಅಲ್ ಗುಬ್ರಾದಲ್ಲಿ ಇನ್ಶೂರೆನ್ಸ್ ಆಫೀಸೊಂದರ ಗುಮಾಸ್ತೆ. ತಮ್ಮಂದಿರನ್ನು ಓದಿಸುವುದರಲ್ಲಿ ತನ್ನ ಮದುವೆಯ ವಯಸ್ಸನ್ನು ಕಳೆದುಕೊಂಡವಳು. ಇಬ್ಬರೂ ಓದಿದ್ದು ಹೇಮಗಿರಿ ವಿಶ್ವವಿದ್ಯಾಲಯದಲ್ಲಿ, ಇಬ್ಬರೂ ಬ್ಯಾಸ್ಕೆಟ್‌ಬಾಲ್ ಆಡಿದವರು. ಅವನು ನಾಲ್ಕು ವರ್ಷ ಮುಂದೆ; ಅಲ್ಲಿ ಒಬ್ಬರನ್ನೊಬ್ಬರು ಕಂಡಿರಲಿಲ್ಲ. ಮಸ್ಕತ್ತಿನಲ್ಲಿ ನಡೆದ ಹಳೆಯ ವಿದ್ಯಾರ್ಥಿಗಳ ದೀಪಾವಳಿ ಕೂಟದಲ್ಲಿ ಪರಿಚಯವಾದ ಮೊದಲ ದಿನವೇ ಜಗಳ. "ನಿಮ್ಮ ಕಾಲದ ಟೀಮಿನವರಿಗೆ ಉದ್ದ ಮಾತ್ರ ಇದ್ದದ್ದು, ಆಟ ಇರಲಿಲ್ಲ" ಎಂದು ಅವಳು ಕತ್ತೆತ್ತಿ ಅವನ ಆರಡಿಯನ್ನು ಪಾದದಿಂದ ನೆತ್ತಿಯವರೆಗೆ ಅಳೆದು ನೋಡಿದ್ದಳು. ತುಟಿ ಬಿಗಿಹಿಡಿದಿದ್ದರೂ ಕಣ್ಣಲ್ಲಿ ನಗು ತುಳುಕುತ್ತಿತ್ತು. ಆ ನೋಟವನ್ನು ಅವನು ಸೂರಿಗೆ ಹೊತ್ತು ತಂದಿದ್ದ.

ವಿಶ್ವವಿದ್ಯಾಲಯದ ಆಫೀಸಿನಲ್ಲಿದ್ದ ಗೆಳತಿ ಗ್ರೆಟ್ಟಾ, ಮಹಿಳಾ ತಂಡದ ಸುದ್ದಿಯನ್ನು ವಸಂತಿಗೆ ಇ-ಮೇಲ್ ಮಾಡುತ್ತಿದ್ದಳು. ಶುಕ್ರವಾರ ವಸಂತಿ ಅದನ್ನು ಅವನಿಗೆ ಫೋನಿನಲ್ಲಿ ಹೇಳುವಳು. ತಂಡ ಸೋಲುತ್ತಲೇ ಇತ್ತು. ಒಂದು ಕಾಲದಲ್ಲಿ ಕಪ್ಪುಗಳನ್ನು ಇಡಲು ಬೀರು ಸಾಲದಿದ್ದ ತಂಡ ಅದು. ಕಳೆದ ತಿಂಗಳು ಅವನಿಗೆ ತಡೆಯಲಾಗದೆ, ಒಂಬತ್ತನೇ ನಂಬರಿನ ಹುಡುಗಿಗೆ ಆಗುತ್ತಿರುವ ಅನ್ಯಾಯದ ಬಗ್ಗೆ ಮೂರು ಪುಟ ಬರೆದು, ಹಳೆಯ ವಿದ್ಯಾರ್ಥಿಗಳ ಸಂಘದ ಅಧ್ಯಕ್ಷ ಕೊಗ್ಗಣ್ಣನ ಮೂಲಕ ಕುಲಪತಿಗಳಿಗೆ ಕಳಿಸಿದ್ದ. ಈ ವಯಸ್ಸಿನಲ್ಲಿ ಇದೆಂಥ ಹುಚ್ಚು ಎಂದು ನಕ್ಕಾಳೆಂದು ವಸಂತಿಗೆ ಮಾತ್ರ ಹೇಳಿರಲಿಲ್ಲ.

"ಇನ್ನೊಂದು ವಿಷಯ ಉಂಟು," ಎಂದಳು ವಸಂತಿ. ದನಿ ಇಳಿದಿತ್ತು. "ನಮ್ಮ ಧಣಿ ಕಫೀಲ್ ಆಫೀಸು ಮುಚ್ತಾನಂತೆ. ವೀಸಾ ಖಲಾಸ್. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ನಾನು ಊರಿಗೆ. ಇನ್ನು ಬರುವುದಿಲ್ಲ."

ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ಕೇಳ್ತಾ ಉಂಟಾ?"

"ಹಾಗಾದ್ರೆ... ಸ್ಕೋರು ಯಾರು ಹೇಳ್ತಾರೆ?" ಎಂದುಬಿಟ್ಟ.

"ಅದೇ, ಯಾರು ಹೇಳ್ತಾರೆ," ಎಂದು ಅವಳು ಫೋನಿಟ್ಟಳು.

ಆ ವಾರವೆಲ್ಲ ಅವನು ಕೇಳಬೇಕಾದದ್ದನ್ನು ಬಿಟ್ಟು ಬೇರೇನೋ ಕೇಳಿದ ನಾಲಿಗೆಯನ್ನು ಶಪಿಸಿಕೊಂಡ. ಶುಕ್ರವಾರ ಕೊಗ್ಗಣ್ಣನ ಮನೆಯಲ್ಲಿ ಸಂಘದ ಸಭೆ, ಅವಳೂ ಬರುತ್ತಾಳೆ. ಅದು ತಪ್ಪಿದರೆ ಎಲ್ಲ ತಪ್ಪಿದಂತೆ. ಆ ದಿನ ಬೆಳಗ್ಗೆ ಮಿಂದು ನಂಜುಂಡೇಶ್ವರನ ಪಟದ ಮುಂದೆ ಕೈಮುಗಿದು ನಿಂತ. "ತಂದೆ, ಬೇರೇನೂ ಬೇಡುವುದಿಲ್ಲ. ಇವತ್ತೊಂದು ದಿನ ಬಾಯಿಗೆ ಮಾತು ಕೊಡು." ಕಾಂತಾಮಣಿಯ ಮುಖವನ್ನು ನೋಡಲು ಅಂಜಿಕೆಯಾಯಿತು. ಆದರೂ ನೋಡಿದ. ಆಕೆ ಎಂದಿನಂತೆಯೇ ಇದ್ದಳು, ಬೇಸರವಿರಲಿಲ್ಲ. ಮಸ್ಕತ್ತಿಗೆ ಹೋಗುವ ಇಬ್ರಾ ದಾರಿಯಲ್ಲಿ ನಾಲ್ಕು ಗಂಟೆ ಕಾರು ಓಡಿಸಿದ. ಎಡಬಲಕ್ಕೂ ಕಲ್ಲುಗುಡ್ಡ. ಹೇಳಬೇಕಾದ ಮಾತನ್ನು ನೂರು ಸಲ ಜೋಡಿಸಿ ನೂರು ಸಲ ಕೆಡಿಸಿದ.

ಕೊಗ್ಗಣ್ಣನ ಹಜಾರದಲ್ಲಿ ಹದಿನೈದು ಮಂದಿ ಕೂತಿದ್ದರು. ವಸಂತಿ ಅಡಿಗೆಮನೆಯಲ್ಲಿ ಚಹಾ ಸೋಸುತ್ತಿದ್ದಳು. ಒಮ್ಮೆ ಬಾಗಿಲಿನಿಂದ ಇಣುಕಿ, ಅವನ ಕಣ್ಣಿಗೆ ಸಿಕ್ಕಿ, ಒಳಸರಿದಳು.

ಕೊಗ್ಗಣ್ಣ ಕನ್ನಡಕ ಏರಿಸಿದ. "ಯೂನಿವರ್ಸಿಟಿಯಿಂದ ನಮ್ಮ ಕಾಗದಕ್ಕೆ ಉತ್ತರ ಬಂದಿದೆ. ಶ್ಯಾಮಣ್ಣ, ಕಿವಿ ಕೊಟ್ಟು ಕೇಳಿ." ಓದಿದ: "'ಸಾಕಷ್ಟು ಆಟಗಾರ್ತಿಯರಿಲ್ಲದ ಕಾರಣ ಮಹಿಳಾ ತಂಡವನ್ನು ಡಿಸೆಂಬರ್ ಮೊದಲ ವಾರವೇ ಲೀಗಿನಿಂದ ಹಿಂದಕ್ಕೆ ಪಡೆಯಲಾಗಿದೆ. ತಾವು ವಿವರಿಸಿರುವ ಮೂರು ಪಂದ್ಯಗಳು ನಡೆದಿಲ್ಲ. ಒಂಬತ್ತನೇ ನಂಬರಿನ ಆಟಗಾರ್ತಿ ಯಾರೆಂದು ನಮಗೆ ತಿಳಿದಿಲ್ಲ.'"

ಹಜಾರವೆಲ್ಲ ಗೊಳ್ಳೆಂದು ನಕ್ಕಿತು.

"ಎಂತ ಶ್ಯಾಮಣ್ಣ, ಕನಸಲ್ಲಿ ಮ್ಯಾಚ್ ನೋಡಿದ್ದಾ?" ಎಂದ ಒಬ್ಬ.

"ಸಂಘದ ಮರ್ಯಾದೆ ಹೋಯ್ತಲ್ಲ!" ಎಂದಳು ಸಂಘದ ಸದಸ್ಯೆ ಆಗ್ನೆಸ್. "ಟೀಮೇ ಇಲ್ಲ, ಇವ್ರು ಕೋಚಿಗೆ ಬೈದು ಮೂರು ಪುಟ ಬರ್ದಿದ್ದಾರೆ. ಯಾರು ಹೇಳಿದ್ರು ನಿಮ್ಗೆ?"

ಶ್ಯಾಮಸುಂದರನ ಕಿವಿ ಬಿಸಿಯಾಯಿತು. ಅಡಿಗೆಮನೆಯ ಬಾಗಿಲಲ್ಲಿ ವಸಂತಿ ಟ್ರೇ ಹಿಡಿದು ನಿಂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ.

"ಯಾರೂ ಹೇಳಲಿಲ್ಲ," ಎಂದ ಅವನು. "ಎಲ್ಲೋ ಓದಿದ್ದು ತಪ್ಪಾಗಿ ತಿಳ್ಕೊಂಡೆ. ತಪ್ಪು ನನ್ನದೇ, ಕ್ಷಮಿಸಿ."

ಅಷ್ಟು ಹೇಳಿ ಎದ್ದು ಮೆಟ್ಟಿಲಿಳಿದ. ಎರಡು ತಿಂಗಳು ಅವಳು ತನ್ನನ್ನು ಆಡಿಸಿದಳೇ? ಕಾರಿನ ಬಳಿ ನಿಂತರೂ ಬೀಗದಕೈ ಯಾವ ಜೇಬಿನಲ್ಲಿದೆ ಎಂದು ತೋಚಲಿಲ್ಲ.

"ಶ್ಯಾಮಸುಂದರ್ ಅವ್ರೇ, ನಿಲ್ಲಿ."

ವಸಂತಿ ಓಡಿ ಬಂದು ಏದುಸಿರು ಬಿಡುತ್ತಿದ್ದಳು.

"ನನ್ನ ಹೆಸರು ಯಾಕೆ ಹೇಳಲಿಲ್ಲ?"

"ನೀವು ಯಾಕೆ ಸುಳ್ಳು ಹೇಳಿದ್ರಿ?"

ಅವಳು ಕಾರಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದಳು. "ನವೆಂಬರಿನಲ್ಲಿ ಒಂದು ಮ್ಯಾಚ್ ಗೆದ್ರು, ನೆನಪುಂಟಾ? ನೀವು 'ಸಂತೋಷ ಕಣ್ರೀ' ಅಂತ ಹೇಳಿ ಫೋನ್ ಇಟ್ರಿ. ಎರಡು ನಿಮಿಷವೂ ಆಗಲಿಲ್ಲ. ಆ ವಾರ ಇಡೀ ನನಗೆ ಹೇಗಾಯ್ತು ಅಂತ ದೇವರಿಗೇ ಗೊತ್ತು. ಆಮೇಲೆ ಟೀಮೇ ಇಲ್ಲ ಅಂತ ಗ್ರೆಟ್ಟಾ ಬರೆದಳು. ಅದನ್ನು ಹೇಳಿದ್ರೆ ನೀವು ಮತ್ತೆ ಯಾಕೆ ಮಾತಾಡ್ತೀರಿ ನನ್ನ ಹತ್ರ? ಹಾಗಾಗಿ ವಾರವಾರ ನಾನೇ ಸೋಲಿಸಿದೆ."

"ಮತ್ತೆ ಆ ಹುಡುಗಿ?"

"ಒಂಬತ್ತನೇ ನಂಬರು ನನ್ನದು. ಫೈನಲ್ ಇಯರಿನಲ್ಲಿ ಹಾಗೇ ಹೊರಗೆ ಕೂರಿಸಿದ್ರು. ಎರಡು ನಿಮಿಷ ಇತ್ತು." ಕಣ್ಣು ತುಂಬಿತು, ತುಟಿ ಮಾತ್ರ ನಗಲು ಹೆಣಗಿತು. "ನೀವು ಕಾಗದ ಬರೆದದ್ದು ನನಗೆ ಗೊತ್ತಿರಲಿಲ್ಲ ಮಾರಾಯ್ರೇ. ನನ್ನ ಪರವಾಗಿ ಇಷ್ಟು ವರ್ಷದಲ್ಲಿ ಒಬ್ಬರೂ ನಾಲ್ಕು ಸಾಲು ಬರೆದವರಿಲ್ಲ. ನೀವು ಮೂರು ಪುಟ..."

ದಾರಿಯುದ್ದಕ್ಕೂ ಜೋಡಿಸಿದ ಮಾತುಗಳಲ್ಲಿ ಒಂದೂ ಅವನ ನೆರವಿಗೆ ಬರಲಿಲ್ಲ. "ನಾನೂ ರಜೆ ಹಾಕಿ ಊರಿಗೆ ಬರ್ತೀನಿ," ಎಂದ ತಡವರಿಸುತ್ತ. "ನಿಮ್ಮ ತಮ್ಮಂದಿರನ್ನ ಕಂಡು ಕೇಳ್ತೀನಿ."

"ಅವರನ್ನು ಕೇಳುವುದೆಂತ? ಅವರೆಲ್ಲ ನನ್ನನ್ನು ಕೇಳಿ ಮದುವೆ ಆದದ್ದಾ? ನನ್ನನ್ನು ಕೇಳಿ."

ಅವನು ಕೇಳಿದ. ಮದುವೆಯಾಗುತ್ತೀಯಾ ಎಂದು, ಜೀವಮಾನದಲ್ಲಿ ಮೊದಲ ಸಲ ಅವಳನ್ನು ಏಕವಚನದಲ್ಲಿ ಕರೆದು, ಎರಡು ಸಲ ಕೇಳಬೇಕಾಯಿತು.

"ಹ್ಞೂಂ," ಎಂದಳು ವಸಂತಿ. ಹೇಳಿ, ಕಾರಿಗೆ ಒರಗಿ ಅತ್ತುಬಿಟ್ಟಳು.

ಆಮೇಲೆ ಇಬ್ಬರೂ ಕಾರಿನಲ್ಲಿ ಕೂತರು. ಯಾರನ್ನೂ ಬೈಯುವುದಿರಲಿಲ್ಲ. ಅವಳು ತನ್ನ ಮೊಣಕಾಲು ನೋವಿನ ವಿಷಯ ಹೇಳಿದಳು. ಅವನು ಕಾಂತಾಮಣಿಯ ಕೊನೆಯ ದಿನಗಳನ್ನು ಹೇಳಿದ, ಯಾರಿಗೂ ಹೇಳಿರಲಿಲ್ಲ. ಅವಳು ನಡುವೆ ಬಾಯಿ ಹಾಕದೆ ಕೇಳಿದಳು. ಮಸೀದಿಯಿಂದ ಸಂಜೆಯ ಬಾಂಗ್ ಕೇಳಿಸಿ, ದೀಪಗಳು ಹತ್ತಿಕೊಂಡವು.

"ನಾಡಿದ್ದು ಏರ್‌ಪೋರ್ಟಿಗೆ ಬರ್ತೀರಾ?"

"ಡ್ಯೂಟಿ ಇದೆ."

ಅವಳು ಮತ್ತೆ ಆ ಹಳೆಯ ನೋಟದಿಂದ ಅವನನ್ನು ಅಳೆದಳು.

"ಬರ್ತೀನಿ ಕಣೇ," ಎಂದ ಶ್ಯಾಮಸುಂದರ. "ಬರ್ತೀನಿ."