ನರಗಗನದ ಕೆಂಪು

ಡಾ. ತಸ್ನೀಮ್ ಸವಣೂರ ಅವರು ಗುಂಡಿ ಒತ್ತಿದೊಡನೆ ಕೋಣೆಯ ದೀಪಗಳು ಆರಿ, ಗುಮ್ಮಟದಂಥ ಛಾವಣಿಯ ತುಂಬ ಬೆಳಕಿನ ಚುಕ್ಕೆಗಳು ಮೂಡತೊಡಗಿದವು. ಮೊದಲು ಅಲ್ಲೊಂದು ಇಲ್ಲೊಂದು, ಆಮೇಲೆ ಗುಂಪುಗುಂಪಾಗಿ, ಕೊನೆಗೆ ಕಣ್ಣನ್ನು ಎಲ್ಲಿ ನೆಡಬೇಕೆಂದು ತಿಳಿಯದಷ್ಟು. ಚುಕ್ಕೆಗಳ ನಡುವೆ ಹಾಲಿನ ಬಣ್ಣದ ಎಳೆಗಳು ಹರಿದಾಡಿದವು. ಒಂದು ಮೂಲೆಯಲ್ಲಿ ಹುಟ್ಟಿದ ಮಿಂಚು ಇಡೀ ಗುಮ್ಮಟವನ್ನು ದಾಟಿ ಇನ್ನೊಂದು ಮೂಲೆಯಲ್ಲಿ ಇಂಗಿಹೋಗುತ್ತಿತ್ತು.

ಸರ್ವಮಂಗಳಾ ಗೋಡೆ ಹಿಡಿದುಕೊಂಡಳು. ಬೆಳಗಿನಿಂದ ಎದೆಯಲ್ಲಿ ಕೂತಿದ್ದ ಹೆದರಿಕೆ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

“ಇದೆಲ್ಲಾ ನಮ್ಮ ಚನ್ನವೀರನ ತಲಿಯೊಳಗಿಂದೇನ್ರೀ?”

“ಹೌದ್ರೀ. ಈಗ, ಈ ಗಳಿಗ್ಯಾಗ ನಡಿಯಾಕತ್ತಿದ್ದು. ನೀವು ಮಾತಾಡಿದ್ರಿ, ಅಲ್ಲಿ ಎಡಗಡೆ ಹೊಳೀತು, ನೋಡಿದ್ರಿ? ನಿಮ್ಮ ದನಿ ಅವ್ರಿಗೆ ಮುಟ್ಟಿತು.”

ಗುಮ್ಮಟದ ನಟ್ಟನಡುವೆ, ಒರಗುಕುರ್ಚಿಯಲ್ಲಿ ಅವಳ ತಮ್ಮ ಕಣ್ಣು ತೆರೆದೇ ಮಲಗಿದ್ದ. ತಲೆಗೆ ಜೇಡರ ಬಲೆಯಂಥ ತೆಳುವಾದ ಟೋಪಿ. ಅದರಲ್ಲಿ ಹೆಣೆದಿದ್ದ ಕೂದಲೆಳೆಯಷ್ಟು ಸಣ್ಣ ಸಂವೇದಕಗಳು ನರಕೋಶಗಳು ಒಂದಕ್ಕೊಂದು ಕಳಿಸುವ ಸುದ್ದಿಯನ್ನು ಹಿಡಿದು ಯಂತ್ರಕ್ಕೆ ಕೊಡುತ್ತಿದ್ದವು. ಯಂತ್ರ ಅದನ್ನು ಬೆಳಕಾಗಿ ಛಾವಣಿಗೆ ಎರಚುತ್ತಿತ್ತು. ಹಿಂದಿನ ತಲೆಮಾರಿನ ವೈದ್ಯರು ಮಿದುಳನ್ನು ಕಪ್ಪು ಬಿಳುಪು ಹೋಳುಗಳ ಚಿತ್ರವಾಗಿ ನೋಡಿದ್ದರು. ಈಗ ಅದರೊಳಗೇ ಹೋಗಿ ನಿಲ್ಲಬಹುದಾಗಿತ್ತು. ಧಾರವಾಡದ ಈ ಪ್ರಯೋಗಾಲಯದವರು ಅದಕ್ಕೆ ‘ನರಗಗನ’ ಎಂದು ಹೆಸರಿಟ್ಟಿದ್ದರು. ಗಾಂಜಾದ ಸಾಂದ್ರ ಸಾರ ಸೇವಿಸಿ ಮನಸ್ಸು ಕೆಟ್ಟವರಿಗೆ ತಮ್ಮ ಸ್ಥಿತಿಯನ್ನು ಕಣ್ಣಾರೆ ತೋರಿಸಲೆಂದೇ ಅದನ್ನು ಕಟ್ಟಿದ್ದು. ಕಂಡರೆ ಹೆದರುತ್ತಾರೆ, ಹೆದರಿದರೆ ಬಿಡುತ್ತಾರೆ ಎಂಬುದು ಅವರ ಎಣಿಕೆ.

ಚನ್ನವೀರ ಹೆದರಿದಂತೆ ಕಾಣಲಿಲ್ಲ. “ಅಕ್ಕಾ,” ಎಂದ ಮೆಲ್ಲಗೆ, “ತಲಿ ಖಾಲಿ ಐತಿ ಅಂತಿದ್ದೆಲ್ಲ ನನಗ. ನೋಡು ಎಷ್ಟ ಸಾಮಾನೈತಿ.”

ಎಷ್ಟೋ ದಿನಗಳ ಮೇಲೆ ಅವನ ಬಾಯಿಂದ ಬಂದ ತಮಾಷೆ ಅದು. ಅವಳು ಒಂದು ಹೆಜ್ಜೆ ಮುಂದಿಟ್ಟು ಅವನ ಮುಖ ನೋಡಿದಳು. ನಗು ಅಷ್ಟರಲ್ಲಿ ಮಾಯವಾಗಿತ್ತು.

ಗದಗದ ಆಚೆಯ ಗುಡ್ಡಗಳಲ್ಲಿ ಗಾಳಿಯಂತ್ರಗಳ ರಿಪೇರಿ ಚನ್ನವೀರನ ಕೆಲಸ. ಮೋಡ ತಾಗುವ ಕಂಬಗಳನ್ನು ಹಗ್ಗ ಕಟ್ಟಿಕೊಂಡು ಹತ್ತುತ್ತಿದ್ದ. ಬೆನ್ನುನೋವು ಬಂತು, ನಿದ್ದೆ ಹೋಯಿತು. ಜೊತೆಯವನೊಬ್ಬ ಹೊಗೆ ಸೇದುವ ಒಂದು ಪೆನ್ನು ಕೊಟ್ಟ. ಒಳಗೆ ಬಂಗಾರದ ಬಣ್ಣದ ಅಂಟು, ಗಾಂಜಾದ ಸಾರ. ಸೇದುವವರ ಬಾಯಲ್ಲಿ ಅದರ ಹೆಸರು ಜೇನು. ವಿಷಯ ಗೊತ್ತಾದಾಗ ಮನೆಯಲ್ಲಿ ಯಾರೂ ಗಾಬರಿಯಾಗಲಿಲ್ಲ. ಭಜನಾ ಮೇಳದ ಸೋದರಮಾವ ವರ್ಷಕ್ಕೊಮ್ಮೆ ಮಠದಲ್ಲಿ ಗಾಂಜಾ ಎಲೆ ಅರೆದ ಪಾನಕ ಕುಡಿದು ರಾತ್ರಿಯಿಡೀ ತತ್ವಪದ ಹಾಡಿ, ಮರುದಿನ ಹೊಲಕ್ಕೆ ಹೋಗುತ್ತಿದ್ದವನು. ಅದೇ ಎಲೆ ತಾನೇ ಇದು, ಎಂದುಕೊಂಡರು.

“ಅಲ್ಲಿ ನೋಡ್ರಿ,” ಎಂದರು ತಸ್ನೀಮ್. ಗುಮ್ಮಟದ ಮುಂಭಾಗದಲ್ಲಿ ಒಂದು ದೊಡ್ಡ ಪ್ರದೇಶ ಮಸುಕಾಗಿತ್ತು. ಚುಕ್ಕೆಗಳು ಇದ್ದವು, ಆದರೆ ಮೋಡದ ಹಿಂದಿನ ನಕ್ಷತ್ರಗಳಂತೆ. “ನಮ್ಮ ಮಿದುಳು ತನಗೆ ಬೇಕಾದ ಸುಖದ ರಸ ತಾನೇ ಮಾಡ್ಕೋತೈತಿ. ಅದನ್ನ ಕಂಡುಹಿಡಿದವರು ಹೆಸರಿಟ್ಟಿದ್ದೂ ನಮ್ಮ ಆನಂದ ಅನ್ನೋ ಶಬ್ದದಿಂದನ. ಅದು ಚೂರೇ ಚೂರು. ಬೀಗದೊಳಗ ಕೀಲಿ ಹೊಂದಿದಂಗ ನರಕೋಶದ ಬೀಗ ತೆಗೀತೈತಿ: ಹಸಿವು, ನಿದ್ದಿ, ನಗು. ಗಾಂಜಾದ ಕೀಲಿನೂ ಅದೇ ಬೀಗಕ್ಕ ಹೊಂದತೈತಿ. ಎಲಿಯೊಳಗ ಅದು ಸ್ವಲ್ಪ ಇರ್ತೈತಿ. ಜೇನಿನ್ಯಾಗ?”

ಅದು ಸರ್ವಮಂಗಳೆಗೆ ಗೊತ್ತಿತ್ತು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಸಾರ ತೆಗೆಯುವ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವವಳು ಅವಳು. ಲಾರಿಗಟ್ಟಲೆ ಒಳಗೆ ಬರುವ ಕಾಯಿ ಕೆಲವು ಡಬ್ಬಿಗಳಾಗಿ ಹೊರಗೆ ಹೋಗುತ್ತದೆ. ಕಾಯಿಯನ್ನು ಬರಿಗೈಲಿ ಮುರಿಯುವ ಹೆಂಗಸರು ಆ ಸಾರದ ಹತ್ತಿರ ಕನ್ನಡಕ, ಕೈಗವಸು ಇಲ್ಲದೆ ಸುಳಿಯುವುದಿಲ್ಲ. ಹೊಸದಾಗಿ ಸೇರಿದವರಿಗೆ ಇದನ್ನು ಹೇಳಿಕೊಡುವವಳೇ ಅವಳು. ಆದರೂ ತಮ್ಮನ ಪೆನ್ನು ಕಂಡಾಗ ಅವಳ ತಲೆಗೆ ಕಾರ್ಖಾನೆ ಬರಲಿಲ್ಲ, ಮಾವನ ಹಾಡು ಬಂತು.

“ದಿನಾ ಕೀಲಿ ಸುರಿದ್ರ ನರಕೋಶ ಬೀಗಾನ ಒಳಗ ಎಳಕೋತೈತಿ,” ತಸ್ನೀಮ್ ಹೇಳಿದರು. “ಆಮ್ಯಾಲೆ ಸ್ವಂತ ಆನಂದಕ್ಕ ಬಾಗಲಾನ ಇರೂದಿಲ್ಲ. ಬಿಟ್ರ ಬೆವರು, ಸಿಟ್ಟು, ನಿದ್ದಿಗೇಡು. ಕೆಲವ್ರಿಗೆ ನಿಲ್ಲದ ವಾಂತಿ.”

“ಇವಂಗೂ ಆಗಿತ್ರೀ. ಬಿಸಿನೀರು ಸುರ್ಕೊಂಡ್ರ ಅಷ್ಟ ಸಮಾಧಾನ. ಬಚ್ಚಲದಾಗ ಕುಂತ್ರ ಏಳ್ತಿರಲಿಲ್ಲ. ನಾವು ಪಿತ್ತ ಅಂತ ಜೀರಗಿ ಕಷಾಯ ಕೊಟ್ವಿ.”

“ಭಾಳ ಮಂದಿ ಹಂಗ ತಿಳ್ಕೊಂತಾರ. ಬಿಟ್ಟ ಮ್ಯಾಲೆ ವಾಂತಿ ನಿಲ್ತೈತಿ, ಬೀಗನೂ ಕೆಲವು ವಾರದಾಗ ಮ್ಯಾಲೆ ಬರ್ತಾವು. ಆದ್ರ ಸಂಶಯ ಐತಲ್ಲ, ಅದು ಕೆಲವ್ರನ್ನ ಬಿಡೂದಿಲ್ಲ. ಯಾರನ್ನ ಬಿಡ್ತೈತಿ, ಯಾರನ್ನ ಬಿಡೂದಿಲ್ಲ, ಮೊದಲ ಹೇಳೂದು ನಮಗೂ ಆಗೂದಿಲ್ಲ.”

ಪೆನ್ನು ಬಿಟ್ಟು ಎರಡು ತಿಂಗಳಾದರೂ ಚನ್ನವೀರನ ಸಂಶಯ ಹೋಗಿರಲಿಲ್ಲ. ಗಾಳಿಯಂತ್ರಗಳ ತುದಿಯ ಕೆಂಪು ದೀಪಗಳು ತನ್ನನ್ನೇ ನೋಡುತ್ತವೆ ಎಂದು ಶುರುವಾದದ್ದು, ಯಾರೋ ಸದಾ ನೋಡುತ್ತಾರೆ ಎಂಬಲ್ಲಿಗೆ ಬಂದಿತ್ತು. ಯಾರ ಕೈಯಿಂದಲೂ ತಿನ್ನುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ. ತಾನೇ ನಲ್ಲಿಯಿಂದ ಹಿಡಿದ ನೀರು, ತಾನೇ ಸುಲಿದ ಬಾಳೆಹಣ್ಣು. ಕುತ್ತಿಗೆಯ ಎಲುಬುಗಳು ಎದ್ದಿದ್ದವು. ಇವತ್ತಿನ ಪರೀಕ್ಷೆಯಲ್ಲಿ ಭಯಕೇಂದ್ರ ಶಾಂತವಾಗಿ ಕಂಡರೆ ಅಕ್ಕನ ಜೊತೆ ಮನೆಗೆ. ಇಲ್ಲದಿದ್ದರೆ ಬಾಗಿಲಿಗೆ ಬೀಗವಿರುವ ವಾರ್ಡಿಗೆ. ಅಲ್ಲಿಗೆ ಹೋದರೆ ಅವನು ಪೂರ್ತಿ ಬಾಯಿ ಮುಚ್ಚಿಕೊಳ್ಳುತ್ತಾನೆಂದು ಸರ್ವಮಂಗಳೆಗೆ ಖಾತ್ರಿಯಿತ್ತು.

ಗುಮ್ಮಟದ ತಳದಲ್ಲಿ ಒಂದು ಕೆಂಪು ಕಿಡಿ ಎದ್ದಿತು. ನೋಡನೋಡುತ್ತಿದ್ದಂತೆ ಅದು ಮುತ್ತುಗದ ಮರ ಹೂ ಬಿಟ್ಟಂತೆ ಅರಳಿ, ಸುತ್ತಲಿನ ಬಿಳಿ ಎಳೆಗಳನ್ನೆಲ್ಲ ತನ್ನ ಬಣ್ಣಕ್ಕೆ ತಿರುಗಿಸಿತು. ಸುಂದರವಾಗಿತ್ತು. ಅದು ತಮ್ಮನ ಭಯವೆಂದು ಸರ್ವಮಂಗಳೆಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು.

ಭಯ ಯಾವುದರಿಂದ ಎಂದು ತಸ್ನೀಮ್ ಸುತ್ತ ನೋಡಿದರು. ಫ್ಯಾನು ನಿಲ್ಲಿಸಿದರು. ಕೆಂಪು ಹಾಗೇ ಇತ್ತು. ಬಾಗಿಲ ಬಳಿ ನಿಂತಿದ್ದ ನರ್ಸನ್ನು ಹೊರಗೆ ಕಳಿಸಿದರು. ಹಾಗೇ ಇತ್ತು. ನೀರಿನ ಬಾಟಲಿ ತರಲು ಸರ್ವಮಂಗಳಾ ಬಾಗಿಲ ಕಡೆ ತಿರುಗಿದಳು. ಕೆಂಪು ತಗ್ಗಿತು. ಬಾಟಲಿ ಹಿಡಿದು ತಮ್ಮನ ಕಡೆ ನೋಡಿದಳು. ಮತ್ತೆ ಅರಳಿತು.

ತಸ್ನೀಮ್ ಗುಮ್ಮಟದಿಂದ ಅವಳ ಕಡೆ ತಿರುಗಿದರು. “ಸರ್ವಮಂಗಳಾ ಅವ್ರ, ಆ ಕಡೆ ಗ್ವಾಡಿ ನೋಡ್ರಿ ಸ್ವಲ್ಪ.”

ತಿರುಗಿದಳು. ತಗ್ಗಿತು.

“ಈ ಕಡೆ.”

ಅರಳಿತು.

“ಯಂತ್ರ ಕೆಟ್ಟೈತ್ರೀ,” ಎಂದಳು ಸರ್ವಮಂಗಳಾ. “ಇವನ್ನ ಎತ್ತಿ ಆಡಿಸಿದಾಕಿ ನಾನು. ನನ್ನ ಕಂಡ್ರ ಹೆದರ್ತಾನಂದ್ರ ಯಾರು ನಂಬ್ತಾರ?”

“ರೋಗ ತಂದಿದ್ದು ನೀವಲ್ಲ. ಅದು ಜೇನಿನ ಕೆಲಸ. ಆದ್ರ ಯಾರೋ ನೋಡ್ತಾರ ಅನ್ನೋ ತಲಿಗೆ, ಖರೇನೂ ಬಿಡದ ನೋಡೋ ಕಣ್ಣು ಸಿಕ್ಕೈತಿ. ಮನ್ಯಾಗ ಭಾಳ ಕಾಯ್ತೀರೇನು?”

ಕುರ್ಚಿಯಿಂದ ಚನ್ನವೀರ ಉತ್ತರಿಸಿದ. “ಉಣ್ಣಾಕ ಕುಂತ್ರ ತುತ್ತು ನೋಡ್ತಾಳ್ರೀ. ಮಲಗಿದ್ರ ಉಸಿರು ನೋಡ್ತಾಳ. ಬಚ್ಚಲಕ್ಕ ಹೋದ್ರ ಸಂದಿಯೊಳಗ ಕಣ್ಣು. ಅಂಗಿ ಮೂಸ್ತಾಳ. ಪೊಲೀಸ್ರಂಗ.”

“ಮತ್ತೇನ್ ಮಾಡ್ಲೋ? ನೀ ಸತ್ತ ಮ್ಯಾಲೆ ನೋಡ್ಲೇನು?”

ಕೆಂಪು ಗುಮ್ಮಟದ ನೆತ್ತಿಯವರೆಗೂ ಏರಿತು.

ತಸ್ನೀಮ್ ಒಂದು ಸ್ಟೂಲು ತಂದು, ಅವಳ ಬೆನ್ನು ತಮ್ಮನ ಕಡೆಗಿರುವಂತೆ ಯಂತ್ರದ ಪೆಟ್ಟಿಗೆಯ ಎದುರಿಗೆ ಅವಳನ್ನು ಕೂರಿಸಿದರು. ಮೇಲಿನ ಬೆಳಕು ನೋಡಬಹುದು, ಅವನನ್ನಲ್ಲ. ಸರ್ವಮಂಗಳಾ ಸೆರಗಿನ ತುದಿ ಹಿಡಿದು ಕೂತಳು. ಕೆಂಪು ಇಳಿಯತೊಡಗಿತು. ಅರ್ಧಕ್ಕೆ ಬಂದು ಇದ್ದಕ್ಕಿದ್ದಂತೆ ಮತ್ತೆ ಭುಗಿಲೆಂದಿತು.

“ಪೆಟಗಿ ಸ್ಟೀಲಿಂದು, ಕನ್ನಡಿ ಹಂಗ ಹೊಳೀತೈತಿ,” ಎಂದರು ತಸ್ನೀಮ್. “ಕದ್ದು ನೋಡಾಕತ್ತೀರಿ.”

ಹಿಂದಿನಿಂದ ಚನ್ನವೀರ ಸಣ್ಣಗೆ ನಕ್ಕ. “ಈಕಿ ಬಿಡೂದಿಲ್ರೀ.”

ಅವಳು ಕಣ್ಣು ಮುಚ್ಚಿದಳು. ಮುಚ್ಚಿದ ರೆಪ್ಪೆಗಳ ಒಳಗೆ ಅವನು ಕುರ್ಚಿಯಿಂದ ಬಿದ್ದ, ಉಸಿರು ನಿಲ್ಲಿಸಿದ, ಓಡಿಹೋದ. ಒಂದೊಂದು ಸಲವೂ ಕುತ್ತಿಗೆ ತಾನಾಗಿ ತಿರುಗಲು ಹೊರಟಿತು. ಹಲ್ಲು ಕಚ್ಚಿ ಹಿಡಿದಳು.

“ಯಾ ಅಲ್ಲಾ,” ಎಂದರು ತಸ್ನೀಮ್, ಉಸಿರಿನಲ್ಲಿ. “ಮ್ಯಾಲೆ ನೋಡ್ರಿ. ಮ್ಯಾಲೆ ಅಷ್ಟ.”

ಕೆಂಪು ಆರಿತ್ತು. ಮಸುಕಾಗಿದ್ದ ಪ್ರದೇಶದ ಅಂಚಿನಲ್ಲಿ ಒಂದು ಚುಕ್ಕೆ ಮಿನುಗಿತು. ಪಕ್ಕದ್ದು ಅದಕ್ಕೆ ಓಗೊಟ್ಟಿತು. ಆಮೇಲೆ ತೆಳು ಹಸಿರಿನ ಒಂದು ಅಲೆ, ಗೋಧಿ ಹೊಲದ ಮೇಲೆ ಗಾಳಿ ಹಾಯುವಂತೆ, ಮೋಡದೊಳಗಿಂದ ಎದ್ದು ಇಡೀ ಗುಮ್ಮಟವನ್ನು ಸವರಿಕೊಂಡು ಹೋಯಿತು. ಯಾವ ಔಷಧವೂ ಅವನ ಮೈಯಲ್ಲಿ ಹೊಸದಾಗಿ ಇಳಿದಿರಲಿಲ್ಲ. ಮಿದುಳು ತನ್ನದೇ ರಸವನ್ನು ಹನಿಸಿತ್ತು. ಅದಕ್ಕೆ ಕೆಲವು ಬೀಗಗಳಾದರೂ ತೆರೆದಿದ್ದವು. ಇಷ್ಟು ಕಾಲ ಭಯವೇ ಬಾಗಿಲಿಗೆ ಅಡ್ಡ ನಿಂತಿತ್ತು. ಯಂತ್ರ ಕಟ್ಟಿದವರು ರೋಗಿಯನ್ನು ಹೆದರಿಸಬೇಕೆಂದಿದ್ದರು. ಅವನ ಹೆದರಿಕೆ ಇಳಿಸಲು ಅದು ದಾರಿ ತೋರಿಸೀತು ಎಂದು ಅವರಲ್ಲಿ ಒಬ್ಬರೂ ಎಣಿಸಿರಲಿಲ್ಲ.

“ಮನಿಗೆ ಕಳಸ್ತೀರೇನ್ರೀ?” ಸರ್ವಮಂಗಳಾ ಕತ್ತೆತ್ತಿಯೇ ಕೇಳಿದಳು.

“ಗುಳಿಗಿ ತಪ್ಪಬಾರದು, ವಾರಕ್ಕೊಮ್ಮೆ ಇಲ್ಲಿಗೆ ಬರಬೇಕು. ಇನ್ನೊಂದು, ಇದಕ್ಕ ನನ್ನ ಹತ್ರ ಗುಳಿಗಿ ಇಲ್ಲ. ನೀವು ಹಿಂಗ ಇರಾಕ ಆಗ್ತೈತೇನು, ಮನ್ಯಾಗ?”

ಸರ್ವಮಂಗಳಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

ಅಷ್ಟರಲ್ಲಿ ಚನ್ನವೀರನೇ ಟೋಪಿ ಕಿತ್ತು ಪಕ್ಕಕ್ಕಿಟ್ಟ. ಗುಮ್ಮಟ ಒಮ್ಮೆಲೇ ಕತ್ತಲಾಯಿತು. ಕುರ್ಚಿ ಕಿರುಗುಟ್ಟಿತು.

“ನಾ ಚಾ ಕುಡದು ಬರ್ತೀನಿ,” ಎಂದ. “ಕ್ಯಾಂಟೀನ್ ತುದೀಗೆ ಐತಿ, ಬರೂಮುಂದ ನೋಡೀನಿ.”

ತಸ್ನೀಮ್ ತಡೆಯಲಿಲ್ಲ, ಕೋಣೆಯ ದೀಪ ಹಾಕಿದರು. ಹೆಜ್ಜೆಗಳು ಸರ್ವಮಂಗಳೆಯ ಬೆನ್ನ ಹಿಂದಿನಿಂದ ಹಾದುಹೋದವು. ಬಾಗಿಲು ತೆರೆಯಿತು, ಮುಚ್ಚಿತು. ಆಕಾಶವಿಲ್ಲ, ಕೆಂಪಿಲ್ಲ, ಅವನು ಎಲ್ಲಿದ್ದಾನೆಂದು ಹೇಳುವ ಒಂದು ಚುಕ್ಕೆಯೂ ಇಲ್ಲ.

“ಬಾಗಲದಾಗ ನಿಂತಾನೇನ್ರೀ? ಹೊರಗ ಗೇಟಿನ ಕಡೆ...”

“ನನಗೂ ಕಾಣಂಗಿಲ್ಲ,” ಎಂದರು ತಸ್ನೀಮ್.

ಸರ್ವಮಂಗಳಾ ಸ್ಟೂಲಿನ ಅಂಚನ್ನು ಎರಡೂ ಕೈಯಿಂದ ಹಿಡಿದು, ಕಣ್ಣು ಮುಚ್ಚಿ ಕೂತಳು. ತಾನು ಎದ್ದು ಬಾಗಿಲಿಗೆ ಓಡಿದರೆ ಯಾರೂ ಬೇಡವೆನ್ನುವುದಿಲ್ಲ. ಗೇಟಿನ ಆಚೆ ಬಸ್ಸುಗಳ ರಸ್ತೆ. ಅವನ ಕಿಸೆಯಲ್ಲಿ ಎಷ್ಟು ದುಡ್ಡಿದೆ? ಆ ಪೆನ್ನು ಕೊಟ್ಟವನ ಊರೂ ಇಲ್ಲೇ ಹತ್ತಿರ. ಕಾಲು ನೆಲಕ್ಕೆ ಊರಿದಳು. ಮತ್ತೆ ಎತ್ತಿಕೊಂಡಳು.

ಎಷ್ಟು ಹೊತ್ತಾಯಿತೋ. ಬಾಗಿಲು ಸದ್ದಾಯಿತು. ಯಾರ ಹೆಜ್ಜೆಯೆಂದು ನೋಡದೆಯೇ ತಿಳಿಯಿತು. ಏಲಕ್ಕಿಯ ವಾಸನೆ ಹತ್ತಿರ ಬಂತು.

“ಕ್ಯಾಂಟೀನಿನವ ಕೊಟ್ಟಿದ್ದು, ಅರ್ಧ ನಾ ಕುಡದೀನಿ,” ಎಂದಿತು ತಮ್ಮನ ದನಿ. “ಉಳಿದಿದ್ದು ನಿನಗ. ಆರಿ ಹೋಗತೈತಿ, ತಗೋ.”

ಹೆಗಲ ಮೇಲಿನಿಂದ ಒಂದು ಕೈ ಮುಂದೆ ಬಂತು. ಸರ್ವಮಂಗಳಾ ಕಣ್ಣು ತೆರೆದು ಕಪ್ಪನ್ನಷ್ಟೇ ನೋಡಿದಳು.