ಮುಯ್ಯಿಯ ಮೆಚ್ಚುಗೆ

"ಈ ಹೊಗಳಿಕೆಗೆ ಎಷ್ಟು ಕೊಟ್ರಿ, ಅಶ್ವಥ್?"

ಒಂದು ವರ್ಷದಿಂದ ಫೋನಿನಲ್ಲಷ್ಟೇ ಮಾತಾಡಿಕೊಂಡಿದ್ದವರು ಮೊದಲ ಸಲ ಎದುರುಬದುರಾದಾಗ ಭಾನುಪ್ರಿಯಳ ಬಾಯಿಂದ ಬಂದದ್ದು ಈ ಮಾತು. ಕನ್ನಡಿಯ ಮುಂದೆ ಅವಳು ಅಭ್ಯಾಸ ಮಾಡಿಕೊಂಡಿದ್ದ ಮಾತು ಬೇರೆಯೇ ಇತ್ತು, ಪಾಪ. ಅದಕ್ಕೆಂದೇ ಹೊಸ ಚೂಡಿದಾರವನ್ನೂ ತೆಗೆದಿಟ್ಟಿದ್ದಳು. ಅಂದು ಬೆಳಿಗ್ಗೆ ಫೋನ್ ನೋಡಿದ ಮೇಲೆ ಹಳೆಯದನ್ನೇ ಹಾಕಿಕೊಂಡು ಬಂದಳು.

ರಾಮನಗರದ ಹೋಟೆಲೊಂದರ ಮಹಡಿಯಲ್ಲಿ 'ಟೆಕ್ ಜಗಲಿ'ಯವರ ಸಭೆ. ಹೊಸ ಆ್ಯಪ್‌ಗಳನ್ನು ಬಳಸಿ ನೋಡಿ, ಒಳ್ಳೆಯದು ಕೆಟ್ಟದ್ದನ್ನು ಕನ್ನಡದಲ್ಲೇ ಬರೆಯುವ ಆನ್‌ಲೈನ್ ಬಳಗ ಅದು. ಚನ್ನಪಟ್ಟಣದ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುವ ಭಾನು ಅದರ ಅಡ್ಮಿನ್. ದುಡ್ಡು ಕೊಟ್ಟು ಬರೆಸಿದ ಹೊಗಳಿಕೆ ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಅಶ್ವಥ್ ಹಾರೋಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದ. ರೇಷ್ಮೆ ಹುಳ ಸಾಕುವ ಮನೆಯಲ್ಲಿ ಬಿಸಿ ಹೆಚ್ಚಾದರೆ ಫೋನಿಗೆ ಎಚ್ಚರಿಕೆ ಕಳಿಸುವ ಆ್ಯಪ್ ಒಂದನ್ನು ಬಿಡುವಿನ ಹೊತ್ತಿನಲ್ಲಿ ಮಾಡಿದ್ದ. ಅದರ ತಪ್ಪುಗಳನ್ನು ತಿದ್ದಿಕೊಟ್ಟವಳು ಭಾನು. ಹಾಗೆ ಶುರುವಾದ ಮಾತು "ಊಟ ಆಯ್ತಾ" ಎನ್ನುವವರೆಗೆ ಬಂದು, ಅಲ್ಲಿಂದ ಮುಂದಕ್ಕೆ ಹೋಗಲು ಇಬ್ಬರಿಗೂ ಧೈರ್ಯ ಸಾಲದೆ ನಿಂತಿತ್ತು.

ಈಗ ನೋಡಿದರೆ ಹಿಂದಿನ ದಿನ ಒಂದೇ ಮಧ್ಯಾಹ್ನದಲ್ಲಿ, ಎಲ್ಲ ಹೊಸ ಖಾತೆಗಳಿಂದ, ಆ ಆ್ಯಪ್‌ಗೆ ಹೊಗಳಿಕೆಯ ಮಳೆ.

"ನಾನ್ಯಾರಿಗೂ ಏನೂ ಕೊಟ್ಟಿಲ್ಲ. ನಮ್ಮೂರೋರು ಅವರಾಗೇ ಬರೆದವ್ರೆ," ಎಂದ ಅಶ್ವಥ್.

"ಮುನಿಯಮ್ಮ ಅನ್ನೋರೂ ಬರೆದಿದ್ದಾರೆ. ಎದುರುಮನೆ ಮುನಿಯಮ್ಮನ ಹತ್ರ ಇರೋದು ಬಟನ್ ಫೋನು ಅಂತ ನೀವೇ ಹೇಳಿದ್ರಿ. ಅದರಲ್ಲಿ ನಿಮ್ಮ ಆ್ಯಪ್ ಓಡತ್ತಾ?"

ಅವನು ತಲೆ ತಗ್ಗಿಸಿದ.

"ಓಡಲ್ಲ."

ಹಿಂದೆ ಯಾರೋ ನಕ್ಕರು. ಎಲ್ಲರೆದುರಿಗೇ ಭಾನು ಅವನ ಆ್ಯಪ್‌ನ ಪುಟಕ್ಕೆ 'ನಕಲಿ ಹೊಗಳಿಕೆಯ ಶಂಕೆ' ಎಂಬ ಪಟ್ಟಿ ಹಚ್ಚಿದಳು. ಅಶ್ವಥ್ ಮೆಟ್ಟಿಲಿಳಿದು ಹೋದ. ತಿರುಗಿ ನೋಡಲಿಲ್ಲ.

ಚನ್ನಪಟ್ಟಣದ ಬಸ್ಸಿನಲ್ಲಿ ಕೂತವಳ ಎದೆಗೆ ಬೇರೆಯೇ ಮುಳ್ಳು ಚುಚ್ಚಿತ್ತು. ಅವನ ಆ್ಯಪ್ ತಿದ್ದಿಕೊಟ್ಟ ಮೇಲೆ ಅವಳು ಜಗಲಿಯಲ್ಲಿ ಕಂಪ್ಯೂಟರ್ ಪಾಠ ಬರೆಯಲು ಶುರುಮಾಡಿದಾಗ ಮೊದಲು ಹೊಗಳಿದವನು ಇದೇ ಅಶ್ವಥ್. ಯಾರೂ ಓದದಿದ್ದ ದಿನಗಳಲ್ಲಿ ಆ ಎರಡು ಸಾಲುಗಳನ್ನು ನಂಬಿ ಅವಳು ಬರೆಯುತ್ತಾ ಹೋಗಿದ್ದಳು. ಅವನ ಮೇಲೆ ಮನಸ್ಸು ಹೋದದ್ದೂ ಅಲ್ಲಿಂದಲೇ.

'ಅದೂ ಹೀಗೇನಾ? ಅಡ್ಮಿನ್‌ಗೆ ಬೆಣ್ಣೆ ಹಚ್ಚಿದ್ದಾ? ಹಾಗಾದರೆ ನಾನು ಇಷ್ಟಪಟ್ಟಿದ್ದು ಯಾರನ್ನ...'

ಪುಟವನ್ನು ಪೂರ್ತಿ ಅಳಿಸುವ ಮುಂಚೆ ಬರೆದವರನ್ನು ಕೇಳಬೇಕೆನ್ನುವುದು ಜಗಲಿಯ ನಿಯಮ. ನಿಯಮಕ್ಕಾಗಿಯೇ ಹೊರಟಿದ್ದೇನೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾ ಭಾನು ಭಾನುವಾರ ಮಾಗಡಿಗೆ ಬಂದು, ಅಲ್ಲಿಂದ ಅಶ್ವಥ್‌ನ ಊರು ಗುಡೇಮಾರನಹಳ್ಳಿಗೆ ಹೋದಳು. ನಂಬುವವರು ನಂಬಲಿ.

ಮುನಿಯಮ್ಮ ಹುಳದ ಮನೆಯಲ್ಲಿದ್ದರು. ಒಳಗೆ ಕಾಲಿಡಲು ಜಾಗವಿಲ್ಲ, ಅಷ್ಟು ಜನ. ತಟ್ಟೆಗಳಲ್ಲಿದ್ದ ಹುಳಗಳು ಹಣ್ಣಾಗಿ ಹಳದಿಗೆ ತಿರುಗಿದ್ದವು. ಅವನ್ನು ಕೂಡಲೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗಳ ಮೇಲೆ ಬಿಡಬೇಕು.

"ಅಜ್ಜಿ, ಅಶ್ವಥ್ ಅವರ ಆ್ಯಪ್ ನೀವು ಬಳಸಿದ್ದೀರಾ?"

"ಇಲ್ಲ ಕಣವ್ವ. ಅದೇನೋ ನಂಗೆ ಗೊತ್ತಾಗಲ್ಲ."

"ಮತ್ತೆ, ಭಾಳ ಚೆನ್ನಾಗೈತೆ ಅಂತ ಬರೆಸಿದ್ದೀರಲ್ಲ?"

"ನಾನೇ ಯೋಳ್ದೆ, ನಮ್ ಸೊಸೆ ಪ್ರತಿಮಾ ಬರೆದ್ಲು. ಬೀದಿಯೋರೆಲ್ಲಾ ಬರೆಸುದ್ರು. ಹೋದ್ ಬೆಳೇಲಿ ನಮ್ ಹುಳ ಒಂದೇ ಸಲಕ್ಕೆ ಹಣ್ಣಾಗ್ಬುಟ್ವು. ಆಳು ಸಿಗ್ನಿಲ್ಲ. ಆ ಹುಡ್ಗ ಕೆಲ್ಸಕ್ಕೆ ರಜಾ ಹಾಕಿ ಬಂದು ಮುಯ್ಯಾಳು ಮಾಡ್ದ. ನಾವು ಮುಯ್ಯಿ ತೀರಿಸ್ಬೇಡ್ವಾ? ಅವ್ನಿಗೆ ಹೊಲ್ದಾಗೆ ಕೆಲ್ಸ ಇಲ್ಲ. ಫೋನ್ನಾಗೆ ನಾಕ್ ಒಳ್ಳೆ ಮಾತು ಬಂದ್ರೆ ಅವ್ನಿಗೆ ಅನುಕೂಲ ಆಯ್ತದೆ ಅಂತ ಪ್ರತಿಮಾ ಅಂದ್ಲು. ಅದ್ಕೇ..."

"ಅವರು ಕೇಳಿದ್ರಾ?"

"ಮುಯ್ಯಿ ಯಾರಾದ್ರೂ ಬಾಯ್ಬುಟ್ಟು ಕೇಳ್ತಾರೇನವ್ವಾ? ಒಸಿ ಕೈ ತೊಳ್ಕೊಂಡ್ ಬಾ, ಹುಳ ಆರ್ಸು. ಸುಮ್ಕೆ ನಿಂತ್ರೆ ಹೆಂಗೆ?"

ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಹೋಗುವುದು, ಅವರು ಇವರ ಕೆಲಸಕ್ಕೆ ಬರುವುದು. ಈ ಊರುಗಳಲ್ಲಿ ಅದು ತಲೆಮಾರುಗಳಿಂದ ನಡೆದು ಬಂದದ್ದು. ಇವರು ಹೊಗಳಿಕೆಯನ್ನೂ ಅದೇ ಲೆಕ್ಕಕ್ಕೆ ಹಾಕಿಬಿಟ್ಟಿದ್ದರು. ನಗಬೇಕೋ ಅಳಬೇಕೋ ಭಾನುವಿಗೆ ತಿಳಿಯಲಿಲ್ಲ. ಸುಮ್ಮನೆ ಚಪ್ಪಲಿ ಬಿಟ್ಟು, ಕೈ ತೊಳೆದು ಬಂದು ಕೂತಳು.

ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ಚಂದ್ರಿಕೆ ಹೊತ್ತು ಅಶ್ವಥ್ ಒಳಗೆ ಬಂದ. ಅವಳನ್ನು ಕಂಡು ಅಲ್ಲೇ ನಿಂತ.

ಕೆಲಸ ಮುಗಿದ ಮೇಲೆ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಇಬ್ಬರೇ ನಿಂತರು.

"ಆವತ್ತೇ ಯಾಕೆ ಹೇಳಲಿಲ್ಲ?"

"ಏನಂತ ಹೇಳ್ಲಿ? ಬಳಸ್ದೆ ಹೊಗಳಿರೋದು ಸುಳ್ಳೇ ತಾನೇ? ಅವ್ರು ಮಾಡಿದ್ದು ತಪ್ಪು ಅಂದ್ರೆ ಅಜ್ಜಿ ನೊಂದ್ಕೋತದೆ. ಸರಿ ಅಂದ್ರೆ ನಿಮ್ಗೆ ಮೋಸ ಮಾಡ್ದಂಗಾಯ್ತದೆ."

"ದುಡ್ಡು ಕೊಟ್ಟಿಲ್ಲ ಅಂತ ಇವತ್ತೇ ಬರೀತೀನಿ. ಆದ್ರೆ ಆ ಹೊಗಳಿಕೆ ಎಲ್ಲ ತೆಗೀಬೇಕು."

"ತೆಗೀರಿ. ಬಳಸಿದೋರು ಬರೆದ್ರೆ ಸಾಕು."

ಇಷ್ಟಕ್ಕೆ ಮುಗಿಯಬಹುದಿತ್ತು. ಆದರೆ ಆ ಮುಳ್ಳು ಹಾಗೆಯೇ ಇತ್ತಲ್ಲ... ಕೇಳಿದರೆ ಇರುವುದೂ ಕಳೆದುಹೋಗಬಹುದು ಎಂದು ಅವಳಿಗೆ ಗೊತ್ತಿತ್ತು. ಆದರೂ ಕೇಳಿದಳು.

"ನನ್ನ ಪಾಠ ಹೊಗಳಿದ್ರಲ್ಲ, ಶುರುವಿನಲ್ಲಿ. ಅದೂ ಮುಯ್ಯಿನಾ? ನಿಮ್ಮ ಆ್ಯಪ್ ತಿದ್ದಿಕೊಟ್ಟಿದ್ದಕ್ಕೆ?"

ಅವನು ಹಿಪ್ಪುನೇರಳೆಯ ಎಲೆಯೊಂದನ್ನು ಕಿತ್ತ.

"ಹೂಂ. ಮೊದ್ಲೆಲ್ಲಾ ಮುಯ್ಯಿನೇ. ಪೂರ್ತಿ ಓದೂ ಇರ್ಲಿಲ್ಲ."

ಭಾನುವಿನ ಕಣ್ಣು ತುಂಬಿತು. ಸುಳ್ಳು ಹೇಳಿದ್ದರೂ ಇಷ್ಟು ನೋಯುತ್ತಿರಲಿಲ್ಲವೇನೋ ಅನ್ನಿಸಿತು.

"ಯುಗಾದಿ ಆದ್ಮೇಲೆ ನೀವು ಒಂದು ಮಾತೂ ಬರೀಲಿಲ್ಲ," ಎಂದಳು. "ಪ್ರತಿ ಪಾಠ ಹಾಕಿದಾಗಲೂ ಕಾದೆ. ಈಗ ಅರ್ಥ ಆಯ್ತು. ಮುಯ್ಯಿ ತೀರಿತ್ತು."

"ಅಲ್ಲ. ಆಗ್ಲೇ ಓದೋಕೆ ಕೂತಿದ್ದು."

"ಮತ್ತೆ ಯಾಕೆ ಬರೀಲಿಲ್ಲ?"

"ಓದ್ತಾ ಓದ್ತಾ ನಿಮ್ ದನಿ ಕೇಳ್ದಂಗೆ ಆಗೋದು. ಒಂದೊಂದನ್ನೂ ಮತ್ತೆ ಮತ್ತೆ ಓದ್ತಿದ್ದೆ. ಚೆನ್ನಾಗಿದೆ ಅಂತ ಬರೆಯೋಕೆ ಹೋದ್ರೆ ಬರಿ ಸುಳ್ಳಂಗೆ ಕಾಣೋದು. ನಿಜ ಬರೆಯೋಣ ಅಂದ್ರೆ... ಅದನ್ನ ಜಗಲೀಲಿ ಎಲ್ರ ಮುಂದೆ ಬರೆಯೋಕಾಯ್ತದಾ?"

ಹೊಗಳಿದ ದಿನಗಳನ್ನೆಲ್ಲ ಅವಳು ನಂಬಿದ್ದಳು. ಸುಮ್ಮನಿದ್ದ ದಿನಗಳಲ್ಲೆಲ್ಲ ಮುನಿಸಿಕೊಂಡಿದ್ದಳು.

"ಈಗ ಇಲ್ಲಿ ಯಾರೂ ಇಲ್ಲ," ಎಂದಳು ಮೆಲ್ಲಗೆ. "ಹೇಳಿ."

"ನಿಮ್ ಪಾಠ ಒಸಿ ಉದ್ದ."

"ಅಶ್ವಥ್..."

"ನೀವಂದ್ರೆ ನಂಗೆ ಇಷ್ಟ, ಭಾನು. ಭಾಳ ಇಷ್ಟ."

ಅವಳು ಕಣ್ಣೊರೆಸಿಕೊಂಡಳು.

"ಇದಕ್ಕೆ ನಾನೇನು ಮುಯ್ಯಿ ಕೊಡಬೇಕು?"

"ಏನೂ ಬೇಡ. ನೀವು ಈಗಲೇ ಬಸ್ ಹತ್ತಿ ಹೋದ್ರೂ ಇದು ಹಿಂಗೇ ಇರ್ತದೆ."

ಭಾನು ಅವನ ಕೈ ಹಿಡಿದುಕೊಂಡಳು.

"ಹೋಗಲ್ಲ. ನೀವು ಮುಯ್ಯಿ ಕೇಳ್ಲಿಲ್ಲ ಅಲ್ವಾ, ಅದಕ್ಕೇ."