ಖಾಲಿ ಕೋಣೆಯ ಉಸಿರು

"ನನ್ನ ಐದು ವರ್ಷದ ಕೆಲಸ ರೀ ಅದು! ನಿಮ್ಮ ಅಪ್ಪನ ಮನೆ ಆಸ್ತಿ ಅಲ್ಲ!"

ಅವಳು ಹಾಳೆಗಳನ್ನು ಅವನ ಮೇಜಿನ ಮೇಲೆ ಎಸೆದಳು.

ಅವನು ವಿಶ್ವವಿದ್ಯಾಲಯದ ಡೇಟಾ ಅಧಿಕಾರಿ. ಸಂಶೋಧನೆಯ ಡೇಟಾ ಎಲ್ಲಿರಬೇಕು, ಎಷ್ಟು ಪ್ರತಿ ಇರಬೇಕು, ಯಾರು ತೆರೆದು ನೋಡಬಹುದು ಎಂದು ಬರೆದ ಯೋಜನೆಗೆ ಅವನ ಸಹಿ ಬೀಳಬೇಕು. ಸುಲಭಕ್ಕೆ ಬೀಳುತ್ತಿರಲಿಲ್ಲ. ಅದಕ್ಕೇ ಎಲ್ಲರೂ ಅವನನ್ನು ಬೀಗದಪ್ಪ ಅನ್ನುತ್ತಿದ್ದರು.

"ಸಂಜೆ ಐದರೊಳಗೆ ಎಲ್ಲಾ ಫೈಲೂ ಬಹಿರಂಗ ಆಗ್ಬೇಕು. ಒಂದು ಕಮ್ಮಿ ಆದ್ರೂ ನನ್ನ ಪ್ರಬಂಧ ವಾಪಸ್! ಸಹಿ ಹಾಕೋಕೆ ಏನು ಧಾಡಿ ನಿಮಗೆ?"

"ಒಂದು ಫೈಲಿಗೆ ಒಪ್ಪಿಗೆ ಪತ್ರ ಇಲ್ಲ."

ಮಲಗಿದ ನಲವತ್ತು ಜನರ ಉಸಿರನ್ನು ಅವಳು ರೆಕಾರ್ಡ್ ಮಾಡಿದ್ದಳು. ಯಾರ ಹೆಸರೂ ಇಲ್ಲ, ಬರೀ ನಂಬರ್. ದಿನಾ ಬೆಳಿಗ್ಗೆ ಮೊದಲು ಖಾಲಿ ಕೋಣೆಯನ್ನೇ ಹತ್ತು ನಿಮಿಷ ರೆಕಾರ್ಡ್ ಮಾಡುತ್ತಿದ್ದಳು, ಫ್ಯಾನಿನ ಸದ್ದನ್ನು ಆಮೇಲೆ ಕಳೆಯಲು.

"ನಲವತ್ತು ಜನರದ್ದೂ ಇದೆ!"

"ಇದು ಹನ್ನೆರಡನೇ ದಿನದ ಖಾಲಿ ಕೋಣೆಯದ್ದು."

"ಖಾಲಿ ಕೋಣೇಲಿ ಯಾರ ಒಪ್ಪಿಗೆ ಕೇಳ್ಲಿ ಸ್ವಾಮೀ? ಗೋಡೇದಾ, ಫ್ಯಾನಿಂದಾ?"

ಅವನು ನಗಲಿಲ್ಲ. ಹೆಡ್‌ಫೋನ್ ಚಾಚಿದ.

ಫ್ಯಾನಿನ ಗುಂಯ್... ಆಮೇಲೆ, ಒಂದು ಉಸಿರು!

ಅವಳು ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಅಂದು ಬಾಗಿಲು ಹಾಕಿ ಹೊರಗೆ ನಿಂತವಳು ಅವಳೇ. ಒಳಗೆ ಒಂದು ನೊಣವೂ ಇರಲಿಲ್ಲ. ಈ ಉಸಿರು ಮಾತ್ರ ಪಕ್ಕದಲ್ಲೇ ಮಲಗಿದಷ್ಟು ಹತ್ತಿರ. ಎಳೆಯುವುದು, ತುಂಬಾ ಹೊತ್ತು ನಿಲ್ಲುವುದು, ಬಿಡುವಾಗ ಸಣ್ಣ ಸಿಳ್ಳೆ...

"ಇಪ್ಪತ್ತಮೂರು," ಎಂದಳು ಪಿಸುದನಿಯಲ್ಲಿ. ರೆಕಾರ್ಡಿಂಗಿಗೆ ಒಬ್ಬರು ಕಮ್ಮಿ ಬಿದ್ದಾಗ ತಾನೇ ಬಂದು ಮಲಗಿದ್ದ ಈ ಬೀಗದಪ್ಪನೇ ಇಪ್ಪತ್ತಮೂರು.

"ಬರೀ ಉಸಿರು ಕೇಳಿ ಹೇಗೆ ಗೊತ್ತಾಯ್ತು?"

"ಕೆಲಸಕ್ಕೆ ಎರಡು ಸಲ ಕೇಳಿದ್ರೆ ಸಾಕಿತ್ತು. ನಾನು... ದಿನಾ ಕೇಳ್ತಿದ್ದೆ. ಸಾಕಾ? ಜಗಳ ಆಡೋ ನೆಪದಲ್ಲಿ ಬೀಗದಪ್ಪನ ಮುಖ ನೋಡೋಕೆ ಹೋಗ್ತೀಯ ಅಂತ ನಮ್ಮಕ್ಕ ಆಗ್ಲೇ ಆಡ್ಕೋತಾಳೆ!"

ಹೇಳಿದ ಮರುಕ್ಷಣವೇ ಅವಳಿಗೆ ಸಿಟ್ಟು ನೆತ್ತಿಗೇರಿತು.

"ಅಂದ್ರೆ ಕದ್ದು ಒಳಗೆ ಬಂದಿದ್ರಾ? ನನ್ನ ಕೆಲಸ ಹಾಳು ಮಾಡೋಕಾ?"

"ಆ ದಿನ ನಾನು ಆಪರೇಷನ್ ಟೇಬಲ್ ಮೇಲಿದ್ದೆ. ಒಂಬತ್ತೂ ಹತ್ತಕ್ಕೆ ಎದೆ ಬಡಿತ ನಿಂತಿತ್ತಂತೆ. ನಾಲ್ಕು ನಿಮಿಷ."

ಅವಳು ಪರದೆ ನೋಡಿದಳು. ಉಸಿರು ಶುರುವಾದದ್ದು ಒಂಬತ್ತೂ ಹತ್ತಕ್ಕೆ. ಮುಗಿದದ್ದು ಒಂಬತ್ತೂ ಹದಿನಾಲ್ಕಕ್ಕೆ. ಆಮೇಲೆ ಬರೀ ಫ್ಯಾನು.

"ನಿಮಗೆ... ಏನಾದ್ರೂ ನೆನಪಿದೆಯಾ?"

"ಇಲ್ಲ. ಬಾಗಿಲ ಆಚೆ ನೀವು ಕೆಮ್ಮಿದ್ದು ಮಾತ್ರ ಕೇಳಿಸ್ತು."

ಅಂದು ಅವಳು ಕೆಮ್ಮಿದ್ದು ನಿಜ. ಯಾರಿಗೂ ಹೇಳಿರಲಿಲ್ಲ. ಕೆಮ್ಮಿದ್ದನ್ನು ಯಾರಾದರೂ ಹೇಳುತ್ತಾರೆಯೇ?

ಅವನು ಹಾಳೆಗಳನ್ನು ಮುಂದೆ ತಳ್ಳಿದ. "ಒಪ್ಪಿಗೆ ಬೇಕಾ, ನಾನೇ ಕೊಡ್ತೀನಿ. ಬಹಿರಂಗ ಮಾಡ್ತೀರೋ, ಮುಚ್ಚಿಡ್ತೀರೋ, ನೀವೇ ಬರೀರಿ. ಅಡ್ಡ ಬರಲ್ಲ."

ಗಂಟೆ ನಾಲ್ಕೂಮುಕ್ಕಾಲು. ಐದು ವರ್ಷ! ಅವಳು ಪೆನ್ನು ಎತ್ತಿಕೊಂಡಳು. ಆ ಒಂದು ಫೈಲನ್ನು ಯಾರಿಗೂ ತೆರೆಯಬಾರದು ಎಂದು ಬರೆದಳು.

"ಪ್ರಬಂಧ?"

"ಹಾಳಾಗಿ ಹೋಗ್ಲಿ! ನಿಮ್ಮ ಉಸಿರನ್ನ ಕಂಡೋರೆಲ್ಲ ಕೇಳೋದು ಬೇಡ."

"ಎಷ್ಟು ವರ್ಷ ಅಂತ ಬರೀಬೇಕು."

"ನಾನಿರೋವರೆಗೂ."

ಅವನು ಸಹಿ ಹಾಕಿದ.

"ನಾಳೆ ಮತ್ತೆ ಆಪರೇಷನ್ ಇದೆ. ಈಗ್ಲೇ ಹೋಗಿ ಅಡ್ಮಿಟ್ ಆಗ್ಬೇಕು."

"ಅದನ್ನ ಈಗ ಹೇಳ್ತೀರಾ? ಮನುಷ್ಯರಾ ನೀವು!" ಅವಳು ಅವನ ಕೈ ಹಿಡಿದಳು. ಮಂಜುಗಡ್ಡೆಯಷ್ಟು ತಣ್ಣಗಿತ್ತು. "ವಾಪಸ್ ಬರ್ತೀರಲ್ಲ?"

"ಉಸಿರಿದ್ರೆ ಬರ್ತೀನಿ."

"ಇಲ್ದಿದ್ರೂ ಬನ್ನಿ!"

ಅವನು ನಕ್ಕ. ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಹೊರಗೆ ನಡೆದ. ಮೆಟ್ಟಿಲಿಳಿಯುವ ಸದ್ದು ಕೊನೆಯವರೆಗೂ ಕೇಳಿಸಿತು.

ಮರುದಿನ ಆಪರೇಷನ್ ಟೇಬಲ್ಲಿನಿಂದ ಅವನು ಮತ್ತೆ ಎದ್ದು ಬರಲಿಲ್ಲ.